ಎರಡನೇ ಚಿಪ್ ಸತ್ತ ಬಗೆ

ನನ್ನ ಪಿಎಚ್‌ಡಿ ಗೈಡು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ ಹಾಳೆಯಲ್ಲಿ ಮೂರೇ ಸಾಲಿತ್ತು. ‘ಪ್ರಯೋಗಾಲಯದಿಂದ ಪಡೆದ ಎರಡು ಅತಿತೆಳು ಪದರದ ಚಿಪ್‌ಗಳು ನನ್ನ ಅಜಾಗರೂಕತೆಯಿಂದ ತೇವ ತಗುಲಿ ಹಾಳಾಗಿವೆ. ಇದಕ್ಕೆ ನಾನೇ ಹೊಣೆ. ಎರಡನ್ನೂ ಹಿಂದಿರುಗಿಸುತ್ತಿದ್ದೇನೆ.’ ಕೆಳಗೆ ನನ್ನ ಹೆಸರನ್ನೂ ಅವರೇ ಟೈಪು ಮಾಡಿಸಿ ಇಟ್ಟಿದ್ದರು. ಸಹಿಯ ಜಾಗ ಮಾತ್ರ ಖಾಲಿ ಇತ್ತು.

ಅದಕ್ಕೆ ಸಹಿ ಹಾಕಿದರೆ ನನ್ನ ಪಿಎಚ್‌ಡಿ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಆ ಪ್ರಯೋಗಾಲಯ ಬಿಟ್ಟರೆ ನನಗೆ ಅಂಥ ಚಿಪ್ ಕೊಡುವವರು ಯಾರೂ ಇರಲಿಲ್ಲ. ಅಜಾಗರೂಕತೆ ಎಂದು ನಾನೇ ಬರೆದುಕೊಟ್ಟ ಮೇಲೆ ಅವರಾದರೂ ಯಾಕೆ ಕೊಟ್ಟಾರು? ಮೂರು ವಾರ ಕಳೆದರೆ ನನ್ನ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಸೇರುವುದಿತ್ತು. ಚಿಪ್ ಕೊಟ್ಟ ವಿಜ್ಞಾನಿಯೇ ಅದರ ಸದಸ್ಯೆ. ಅಷ್ಟರೊಳಗೆ ಸಹಿ ಹಾಕಬೇಕು, ಇಲ್ಲವೇ ಚಿಪ್ ಸತ್ತಿಲ್ಲ ಎಂದು ತೋರಿಸಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವ್ವ ಹೇಳುತ್ತಿರುತ್ತಾಳೆ. ಅವತ್ತು ಮಾತ್ರ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದು ಬಂದೆ.

ಈ ಚಿಪ್ ಎಂದರೆ ಕಿರುಬೆರಳಿನ ಉಗುರಿನಷ್ಟು ಅಗಲದ, ಗಾಜಿನಂಥ ಹರಳು. ಅದರ ಮೇಲೆ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿ ಬೆಳೆದ ಕಪ್ಪು ಪದರ. ತಲೆಗೂದಲನ್ನು ಐದು ಸಾವಿರ ಪಾಲು ಸೀಳಿದರೆ ಒಂದು ಪಾಲು ಎಷ್ಟಿದ್ದೀತೋ ಅದರ ದಪ್ಪ ಅಷ್ಟು. ಸಾಕಷ್ಟು ತಣ್ಣಗಾದರೆ ಆ ಪದರದಲ್ಲಿ ಕರೆಂಟು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ, ರೋಧ ಸೊನ್ನೆಯಾಗುತ್ತದೆ. ಇದೇ ಸೂಪರ್‌ಕಂಡಕ್ಟರ್. ಕೆಳಗಿನ ಹರಳನ್ನು ಎರಡು ತುಂಡು ಓರೆಯಾಗಿ ಕೂಡಿಸಿ ಮಾಡಿರುತ್ತಾರೆ. ಆ ಗೆರೆಯ ಮೇಲೆ ಬೆಳೆದ ಪದರವೂ ಅಲ್ಲಿ ಓರೆಯಾಗಿ ಕೂಡಿರುತ್ತದೆ. ಅದೇ ಸಂಧಿ. ಸಂಧಿ ಒಂದು ಮಿತಿಯವರೆಗಷ್ಟೇ ಕರೆಂಟನ್ನು ಸುಮ್ಮನೆ ಬಿಡುತ್ತದೆ, ಮಿತಿ ದಾಟಿದ ಕೂಡಲೇ ಅದರ ಎರಡು ಬದಿಯ ನಡುವೆ ವೋಲ್ಟೇಜ್ ಏಳುತ್ತದೆ. ಪದರ ತೆಳುವಾದಂತೆ ಆ ಮಿತಿ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಬೆಂಗಳೂರಿನವರು ಕೊಡುವಾಗಲೇ ಎರಡು ಚಿಪ್‌ಗೂ ಮಿತಿ ನೂರಿಪ್ಪತ್ತರ ಆಸುಪಾಸು ಎಂದು ಬರೆದುಕೊಟ್ಟಿದ್ದರು. ನೂರಿಪ್ಪತ್ತು ಎಂದರೆ ಮೈಕ್ರೋ ಆಂಪಿಯರ್, ಒಂದು ಆಂಪಿಯರಿನ ಹತ್ತು ಲಕ್ಷ ಪಾಲಿನಲ್ಲಿ ನೂರಿಪ್ಪತ್ತು ಪಾಲು.

ನಮ್ಮ ಕಾಲೇಜು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿದೆ, ಸುತ್ತ ಕಬ್ಬು ಮತ್ತು ಭತ್ತದ ಗದ್ದೆ. ಅಲ್ಲಿ ಸೂಪರ್‌ಕಂಡಕ್ಟರ್ ಅಳೆಯುತ್ತೇನೆ ಎಂದರೆ ಮೊದಲು ನಗುತ್ತಿದ್ದವರು ನಮ್ಮವರೇ. ಚಿಪ್ ಮುಳುಗಿಸಲು ದ್ರವ ಸಾರಜನಕ ಬೇಕು. ನಮ್ಮ ಸೀಮೆಯಲ್ಲಿ ಅದು ಇರುವುದು ಹಸುವಿಗೆ ಇಂಜೆಕ್ಷನ್ ಮಾಡಿ ಗಬ್ಬ ಕಟ್ಟಿಸುವವರ ಹತ್ತಿರ. ಹೋರಿಯ ವೀರ್ಯದ ಕಡ್ಡಿಗಳನ್ನು ಅವರು ಅದರಲ್ಲೇ ಇಟ್ಟಿರುತ್ತಾರೆ. ಮಂಡ್ಯದ ಒಬ್ಬ ಪಶು ಇನ್‌ಸ್ಪೆಕ್ಟರು ಮಂಗಳವಾರಕ್ಕೊಮ್ಮೆ ಹತ್ತು ಲೀಟರಿನ ಕ್ಯಾನು ತುಂಬಿಸಿಕೊಡುತ್ತಿದ್ದರು. ಅದನ್ನು ಸ್ಕೂಟರಿನಲ್ಲಿ ಕಾಲಿನ ನಡುವೆ ಹಗ್ಗ ಕಟ್ಟಿ ಇಟ್ಟುಕೊಂಡು ಬರುತ್ತಿದ್ದೆ. ಹನಕೆರೆ ಹತ್ತಿರ ಒಮ್ಮೆ ಒಬ್ಬ ಅಜ್ಜ ಕ್ಯಾನು ನೋಡಿ ಕೈ ಅಡ್ಡ ಹಾಕಿ ನಿಲ್ಲಿಸಿದ. ನಮ್ಮ ಅಸ ಬೆದೆಗೆ ಬಂದದೆ ಕಣವ್ವ, ಒಂದು ಗಳಿಗೆ ಬಂದ್ಬುಟ್ಟು ಓಗು ಎಂದು ಗೋಗರೆದ. ನಾನು ಫಿಸಿಕ್ಸ್ ಮೇಷ್ಟ್ರು ಎಂದರೆ, ಅದ್ಯಾವ ಜಾತಿ ಹೋರಿ ಎಂದು ಕೇಳಿದ.

ಬೆಳಗಿನ ಹೊತ್ತು ನನಗೆ ಪಾಠವಿರುತ್ತದೆ. ಹೀಗಾಗಿ ಪ್ರತಿ ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಅಳತೆಯ ಹೊತ್ತು. ಚಿಪ್ಪಿಗೆ ನಾಲ್ಕು ತಂತಿ ಅಂಟಿಸಬೇಕು, ಎರಡು ಕರೆಂಟು ಕೊಡಲು, ಎರಡು ವೋಲ್ಟೇಜ್ ನೋಡಲು. ಚಿಪ್ ಕೂರಿಸಿದ ಹೋಲ್ಡರನ್ನು ಕ್ಯಾನಿನೊಳಕ್ಕೆ ಬೆರಳಗಲ ಬೆರಳಗಲ ಇಳಿಸಬೇಕು, ಅವಸರ ಮಾಡಿದರೆ ಹರಳು ಸೀಳುತ್ತದೆ. ಆಮೇಲೆ ಕರೆಂಟನ್ನು ಒಂದೊಂದು ಮೈಕ್ರೋ ಆಂಪಿಯರ್ ಏರಿಸುತ್ತ ಹೋಗಬೇಕು. ಕರೆಂಟು ಕೊಡುವ ಯಂತ್ರವೂ ವೋಲ್ಟೇಜ್ ನೋಡುವ ಯಂತ್ರವೂ ಗೋಡೆಯ ಪ್ಲಗ್ಗಿನಿಂದ ನಡೆಯುತ್ತವೆ, ಕಂಪ್ಯೂಟರು ಗೆರೆ ಎಳೆಯುತ್ತದೆ.

ಮೊದಲ ಬುಧವಾರ ಒಂದನೇ ಚಿಪ್ ನೂರಿಪ್ಪತ್ತು ಕೊಟ್ಟಿತು. ಖುಷಿಗೆ ಸ್ಟಾಫ್ ರೂಮಿಗೆಲ್ಲ ಮದ್ದೂರು ವಡೆ ತರಿಸಿದ್ದೆ. ಮುಂದಿನ ಬುಧವಾರ ಅದೇ ಚಿಪ್, ಅದೇ ತಂತಿ, ನಲವತ್ತೈದು. ಮೂರನೇ ವಾರ ಸಾರಜನಕ ಸಿಗಲಿಲ್ಲ. ನಾಲ್ಕನೇ ಬುಧವಾರ ಮತ್ತೆ ನಲವತ್ತೈದು. ಇನ್ನೂ ಡಬ್ಬಿ ತೆರೆಯದ ಎರಡನೇ ಚಿಪ್ಪನ್ನು ಅವತ್ತೇ ಹಾಕಿ ನೋಡಿದೆ. ಅದೂ ನಲವತ್ತೇಳು. ಮಿತಿಯ ಹತ್ತಿರ ಚೂಪಾಗಿ ಏಳಬೇಕಾದ ಗೆರೆ ಸವೆದ ಕುಡುಗೋಲಿನಂತೆ ಮೊಂಡಾಗಿತ್ತು. ಆ ಮೊಂಡುತನವನ್ನು ನಾನು ನೋಡಿದೆ, ನೋಡಿಯೂ ಬಿಟ್ಟೆ. ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಹಳಸಿದ ಸಾರಜನಕ ಕೊಟ್ಟಿರಾ ಎಂದು ಜಗಳ ತೆಗೆದೆ. ಅದು ಹಳಸಲು ಹಾಲೇ ಮೇಡಂ ಎಂದು ಅವರು ಫೋನಿಟ್ಟರು.

ಗೈಡು ಮಂಡ್ಯದಲ್ಲಿ ಕೂತೇ ತೀರ್ಪು ಕೊಟ್ಟರು. ನಾಲೆಯ ಸೀಮೆ, ಗಾಳಿಯಲ್ಲಿ ತೇವ, ಇಷ್ಟು ತೆಳು ಪದರ ತೇವ ಕುಡಿದಿದೆ. ಎರಡನೇ ಚಿಪ್ಪನ್ನು ಕೆಮಿಸ್ಟ್ರಿಯವರ ವ್ಯಾಕ್ಯೂಮ್ ಓವನ್ನಿನಲ್ಲಿ ಇನ್ನೂರು ಡಿಗ್ರಿಗೆ ಎರಡು ಗಂಟೆ ಇಡು, ಚೇತರಿಸಿದರೆ ಒಂದನೆಯದನ್ನೂ ಇಡೋಣ ಎಂದರು. ಡಬ್ಬಿಯಲ್ಲಿ ತೇವ ಹೀರುವ ಹರಳು ಹಾಕಿಯೇ ಇಟ್ಟಿದ್ದೇನೆ ಸಾರ್ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಮಾತು ನನ್ನ ಗಂಟಲಲ್ಲಿತ್ತು. ಗಾಳಿ ತೆಗೆದು ಬಿಸಿ ಮಾಡಿದರೆ ತೇವದ ಜೊತೆ ಪದರದ ಆಮ್ಲಜನಕವೂ ಹೊರಟುಹೋಗುತ್ತದೆ, ಆಮ್ಲಜನಕ ಹೋದರೆ ಅದು ಸೂಪರ್‌ಕಂಡಕ್ಟರೇ ಅಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳಿಗೆ ಪಾಠ ಮಾಡಿದ್ದೆ. ಆದರೂ ಸಾರ್ ಹೇಳಿದ್ದಾರೆ ಎಂದು ಇಟ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

ಎರಡು ಗಂಟೆಯ ಮೇಲೆ ಚಿಪ್ ತೆಗೆದು, ಕ್ಯಾನಿನಲ್ಲಿ ಉಳಿದಿದ್ದ ಸಾರಜನಕಕ್ಕೆ ಇಳಿಸಿದೆ. ತಣ್ಣಗಾದಂತೆ ಇಳಿಯಬೇಕಾದ ರೋಧ ಏರುತ್ತ ಹೋಯಿತು. ಸಾವಿರ ಓಮಿನಿಂದ ಹತ್ತು ಸಾವಿರ, ಅಲ್ಲಿಂದ ಯಂತ್ರದ ಅಳತೆಯನ್ನೇ ಮೀರಿತು. ಮಿತಿ ಎನ್ನುವುದೇ ಉಳಿದಿರಲಿಲ್ಲ. ಗೈಡಿಗೆ ಹೇಳಿದೆ. ಮಾರನೆಯ ದಿನ ಅವರು ಕರೆಸಿ ಆ ಮೂರು ಸಾಲಿನ ಹಾಳೆ ಮುಂದಿಟ್ಟರು. ಓವನ್ನಿನ ಸುದ್ದಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮನೆಗೆ ಬಂದು ಹಾಳೆಯನ್ನು ಎಷ್ಟು ಸಲ ಓದಿದೆನೋ. ಓದಿದಷ್ಟು ಸಲವೂ ಮೈ ಉರಿಯಿತು. ‘ನನ್ನ ಅಜಾಗರೂಕತೆಯಿಂದ’ ಎನ್ನುವ ಪದಕ್ಕೆ ಹೆಚ್ಚು ಉರಿಯಿತು. ಸಹಿ ಹಾಕುವ ಮೊದಲು ಒಂದನೇ ಚಿಪ್ಪನ್ನು ಇನ್ನೊಂದು ಸಲ ಅಳೆದೇ ಬಿಡುತ್ತೇನೆ ಎಂದು ಹಟಕ್ಕೆ ಬಿದ್ದು ಐದನೇ ಬುಧವಾರ ಮತ್ತೆ ಇಳಿಸಿದೆ. ಕರೆಂಟು ನಲವತ್ತೈದು ದಾಟಿತು, ವೋಲ್ಟೇಜ್ ಏಳಲಿಲ್ಲ. ಎಪ್ಪತ್ತು, ತೊಂಬತ್ತು, ಊಹೂಂ. ನೂರ ಹದಿನೆಂಟಕ್ಕೆ ಎದ್ದಿತು, ಚೂಪಾಗಿ ಎದ್ದಿತು. ತೇವ ಕುಡಿದ ಪದರ ಒಂದು ವಾರದಲ್ಲಿ ತಾನಾಗಿ ಹುಷಾರಾಗುವುದಿಲ್ಲ. ಅಂದರೆ ಚಿಪ್ ಯಾವತ್ತೂ ಸರಿಯಾಗೇ ಇತ್ತು, ನನ್ನ ಅಳತೆಗೆ ಬೇರೇನೋ ಬಂದು ಸೇರುತ್ತಿತ್ತು. ಹಾಗಾದರೆ ಎರಡನೆಯದೂ ಸರಿಯಾಗೇ ಇತ್ತಲ್ಲ ಎಂಬುದು ಹೊಳೆದು, ಅದರ ಡಬ್ಬಿ ತೆಗೆದು ಮುಂದಿಟ್ಟುಕೊಂಡೆ.

ಬಂದು ಸೇರುವುದು ಏನಿದ್ದೀತು? ನಮ್ಮ ಕಡೆ ಉತ್ತರ ಸಿದ್ಧವಾಗೇ ಇರುತ್ತದೆ, ಪಂಪ್‌ಸೆಟ್ಟು. ಹೊಲದ ಮೋಟಾರುಗಳಿಗೆಂದು ಪಾಳಿಯಲ್ಲಿ ಕೊಡುವ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಬಯಲಿನ ಮೋಟಾರುಗಳೆಲ್ಲ ಒಟ್ಟಿಗೆ ಹೊರಡುತ್ತವೆ, ದೀಪವೇ ಕುಗ್ಗುತ್ತದೆ. ಅದೇ ಗಲಾಟೆ ತಂತಿಯಲ್ಲಿ ಬಂದು ನನ್ನ ಸಂಧಿಯನ್ನು ಅಲ್ಲಾಡಿಸುತ್ತಿದೆ ಎಂದು ಲೆಕ್ಕ ಹಾಕಿಕೊಂಡು ಸಬ್‌ಸ್ಟೇಷನ್ನಿಗೆ ನುಗ್ಗಿದೆ. ಊಟಕ್ಕೆ ಕೂತಿದ್ದ ಲೈನ್‌ಮನ್ನನ್ನು ಎಬ್ಬಿಸಿ, ನನ್ನ ಕೆಟ್ಟ ಬುಧವಾರಗಳ ಪಟ್ಟಿ ಮುಖಕ್ಕೆ ಹಿಡಿದು ಬಾಯಿಗೆ ಬಂದಂತೆ ಬೈದೆ. ಆತ ಸಮಾಧಾನವಾಗಿ ಕೈ ತೊಳೆದು ಬಂದು, ಗೋಡೆಯ ಮೇಲಿನ ಪಾಳಿಯ ಪಟ್ಟಿಗೂ ನನ್ನ ಪಟ್ಟಿಗೂ ಬೆರಳಿಟ್ಟು ತಾಳೆ ನೋಡಿದ.

“ನೀವೇಳೋ ದಿನ ಮಧ್ಯಾನ ತ್ರೀ ಫೇಸೇ ಇರ್ನಿಲ್ಲ ಮೇಡಂ. ಒಂದ್ ವಾರ ಮಧ್ಯಾನ ಕೊಡ್ತೀವಿ, ಇನ್ನೊಂದ್ ವಾರ ಬೆಳಿಗ್ಗೆ ಕೊಟ್ಟು ತಗದ್ಬುಡ್ತೀವಿ. ಇಲ್ದಿರೋ ಕರೆಂಟು ನಿಮ್ ಮಿಸನ್ನಿಗೆ ಎಂಗ್ ನುಗ್ತದೆ?”

ನಾನು ಪಟ್ಟಿ ಮತ್ತೆ ನೋಡಿದೆ. ಆತ ಹೇಳಿದ್ದು ಸರಿ. ಮಧ್ಯಾಹ್ನ ತ್ರೀ ಫೇಸ್ ಇದ್ದ ವಾರ ನೂರಿಪ್ಪತ್ತು, ಇಲ್ಲದ ವಾರ ನಲವತ್ತೈದು. ನಾನು ಅಂದುಕೊಂಡದ್ದಕ್ಕೆ ಪೂರ್ತಿ ತಿರುವುಮುರುವು. ಕ್ಷಮಿಸಿ ಎನ್ನುವಷ್ಟು ಸೌಜನ್ಯವೂ ಇಲ್ಲದೆ ಸ್ಕೂಟರು ಹತ್ತಿ ಮಳವಳ್ಳಿಗೆ ಹೋದೆ.

ಮಳವಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಸಾಬರು ನನ್ನ ಹೋಲ್ಡರಿನ ತಾಮ್ರದ ತಲೆ ಮಾಡಿಕೊಟ್ಟಿದ್ದವರು. ಸುಟ್ಟ ಮೋಟಾರುಗಳ ನಡುವೆಯೇ ಹುಟ್ಟಿ ಬೆಳೆದವರು, ಅವರ ತಂದೆಯದೂ ಅದೇ ಕಸುಬು. ನನ್ನ ಮಾತನ್ನೆಲ್ಲ ಕೇಳಿ, ಅವರು ಚಿಪ್ಪಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತ್ರೀ ಫೇಸ್ ಇಲ್ಲದಾಗ ನಿಮ್ಮ ಕಾಲೇಜಿನ ಹತ್ತಿರ ಯಾವ ಮೋಟಾರು ಓಡುತ್ತದೆ ಎಂದು ಕೇಳಿದರು. ಯಾವುದೂ ಇಲ್ಲ ಎಂದೆ. ಇರ್ತದೆ ಮೇಡಂ, ನಮ್ ಜನ ಸುಮ್ನಿರೋರಲ್ಲ ಎಂದರು.

ಮುಂದಿನದು ತ್ರೀ ಫೇಸ್ ಮಧ್ಯಾಹ್ನ ಇಲ್ಲದ ವಾರ. ಸೋಮವಾರ ಮಧ್ಯಾಹ್ನದ ನಮಾಜು ಮುಗಿಸಿ ಅವರು ಟಾಂಗ್ ಟೆಸ್ಟರ್ ಹಿಡಿದು ಬಂದರು. ಇಕ್ಕಳದ ಬಾಯಿಯಂಥ ಆ ಮೀಟರನ್ನು ತಂತಿಯ ಸುತ್ತ ಹಿಡಿದರೆ ಒಳಗಿನ ಕರೆಂಟು ಎಷ್ಟೆಂದು ತೋರಿಸುತ್ತದೆ. ನನ್ನ ಲ್ಯಾಬಿನಿಂದ ನೆಲಕ್ಕಿಳಿಯುವ ಅರ್ತಿಂಗ್ ತಂತಿಗೆ ಹಿಡಿದರು. ಅದರಲ್ಲಿ ಏನೂ ಇರಬಾರದು, ಏನೂ ಇರಲಿಲ್ಲ. ಎರಡು ಗಂಟೆ ಹೊಡೆಯಿತು. ಹಿತ್ತಲಿನಲ್ಲಿ ಏನೋ ಗುಂಯ್ ಎಂದಿತು. ಮೀಟರು ನಾಲ್ಕು ಆಂಪಿಯರ್ ತೋರಿಸಿತು. ಮೈಕ್ರೋ ಅಲ್ಲ, ನಾಲ್ಕು ಪೂರ್ತಿ ಆಂಪಿಯರ್. ನಾನು ಮೈಕ್ರೋ ಆಂಪಿಯರ್ ಎಣಿಸುತ್ತ ಕೂತಿದ್ದ ಯಂತ್ರದ ಬೆನ್ನಿಗೆ ಅಂಟಿಕೊಂಡ ತಂತಿಯಲ್ಲಿ. ಅದರ ಒಂದು ಎಳೆ ಸಂಧಿಗೆ ನುಗ್ಗಿದರೂ ಸಾಕು, ನಾನು ಕೊಡುವ ನಲವತ್ತೈದರ ಜೊತೆ ಸೇರಿ ಮಿತಿ ದಾಟಿಬಿಡುತ್ತದೆ.

ಸಾಬರು ತಂತಿಯ ಜಾಡು ಹಿಡಿದು ಹೊರಟರು, ನಾನು ಹಿಂದೆ. ಜಾಡು ಹೋಗಿ ನಿಂತದ್ದು ಕಾಲೇಜಿನದೇ ಬೋರ್‌ವೆಲ್ಲಿನ ಪಂಪ್ ಮನೆಯಲ್ಲಿ. ಅಲ್ಲಿ ಸ್ಟಾರ್ಟರಿನ ಪಕ್ಕ ಕಂಡೆನ್ಸರ್ ಡಬ್ಬಿ. ತ್ರೀ ಫೇಸಿನ ಮೋಟಾರನ್ನು, ದೀಪಕ್ಕೆಂದು ದಿನವಿಡೀ ಇರುವ ಸಿಂಗಲ್ ಫೇಸಿನಲ್ಲಿ ಓಡಿಸಲು ನಮ್ಮ ಸೀಮೆಯ ರೈತರೆಲ್ಲ ಮಾಡಿಕೊಂಡಿರುವ ಉಪಾಯ ಅದು. ಸರಿಯಾದ ತ್ರೀ ಫೇಸ್ ಇದ್ದರೆ ಮೂರು ತಂತಿಯೂ ಸಮವಾಗಿ ಹೊರುತ್ತವೆ, ವಾಪಸ್ಸು ಹೋಗಬೇಕಾದ ಕರೆಂಟೇ ಉಳಿಯುವುದಿಲ್ಲ. ಕಂಡೆನ್ಸರಿನಲ್ಲಿ ಓಡಿಸಿದರೆ ವಾಪಸ್ಸಿಗೊಂದು ದಾರಿ ಬೇಕು, ನ್ಯೂಟ್ರಲ್ ತಂತಿ ಎಳೆಯಬೇಕು. ಹಾಕಿದವನು ಅದನ್ನು ಎಳೆದಿರಲಿಲ್ಲ. ಅರ್ತಿಂಗಿಗೆಂದು ಹೂತ ಪೈಪಿಗೇ ಒಂದು ತುಂಡು ತಂತಿ ಸುತ್ತಿ ಹೋಗಿದ್ದ. ಲ್ಯಾಬಿನ ಅರ್ತಿಂಗೂ ಅದೇ ಪೈಪಿನದು.

“ಅರ್ತ್‌ನ ಚರಂಡಿ ಮಾಡ್ಕಂಡವ್ರೆ ಮೇಡಂ,” ಎಂದರು ಸಾಬರು. “ಎಲ್ಲಾ ಅದ್ರೊಳಕ್ಕೇ ಬುಡದು. ನಿಮ್ ಮಿಸನ್ನು ಆ ಚರಂಡಿಗೇ ಬಾಯಿ ಇಟ್ಕಂಡ್ ಕೂತದೆ.”

ನನ್ನ ಪಿತ್ತ ನೆತ್ತಿಗೇರಿತು. ಪಂಪ್ ಮನೆಯ ಬಾಗಿಲಲ್ಲಿ ಮೋಟಾರು ಹಾಕಿ ನಿಂತಿದ್ದ ಆಯಾಳನ್ನು, ಈ ದರಿದ್ರ ಕಂಡೆನ್ಸರು ಯಾರು ಹಾಕಿಸಿದ್ದು ಎಂದು ಗದರಿದೆ. ಆಕೆ ನಮ್ಮ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕಸ ಗುಡಿಸುವವಳು, ಯಾರಿಗೂ ಹೆದರುವವಳಲ್ಲ.

“ನೀವೇ ಅಲ್ವ್ರಾ? ಎಣ್ಮಕ್ಳಿಗೆ ಮಧ್ಯಾನ ನೀರಿಲ್ಲ ಅಂತ ಮೀಟಿಂಗಲ್ಲಿ ಕೂಗಾಡಿದ್ರಲ್ಲ. ಆಗ ಆಕ್ಸಿದ್ದು.”

ಹೌದು, ನಾನೇ. ಹಿಂದಿನ ವರ್ಷ ಹುಡುಗಿಯರ ಶೌಚಾಲಯಕ್ಕೆ ಮಧ್ಯಾಹ್ನ ನೀರಿರುತ್ತಿರಲಿಲ್ಲ. ತಿಂಗಳ ಮುಟ್ಟಿನ ದಿನ ಹುಡುಗಿಯರು ಕಾಲೇಜಿಗೇ ಬರುತ್ತಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು, ಮುಖ ಕೆಂಪಾಗುವವರೆಗೆ ಜಗಳವಾಡಿ, ಮಧ್ಯಾಹ್ನವೂ ನೀರು ಬರಲೇಬೇಕು ಎಂದು ಬರೆಸಿಕೊಂಡವಳು ನಾನು. ನೀರು ಬಂತು. ಹೇಗೆ ಬಂತು ಎಂದು ನೋಡಲು ಹೋಗಿರಲಿಲ್ಲ. ಇನ್ನು ಬೈಯಲು ಯಾರೂ ಉಳಿದಿರಲಿಲ್ಲ, ಪ್ರಿನ್ಸಿಪಾಲರ ಕೋಣೆಗೆ ನಡೆದೆ.

ಪ್ರಿನ್ಸಿಪಾಲರಿಗೆ ಹೇಳಿದಾಗ ಅವರಿಗೆ ಒಳಗೊಳಗೇ ನಗು. ಹೊಸ ಅರ್ತಿಂಗ್ ಗುಂಡಿಗೂ ನ್ಯೂಟ್ರಲ್ ತಂತಿಗೂ ಆಡಳಿತ ಮಂಡಳಿಯ ಒಪ್ಪಿಗೆ ಬೇಕಂತೆ, ಅದು ಮುಂದಿನ ಸಭೆಗಂತೆ. ಅಲ್ಲಿಯವರೆಗೆ ಬುಧವಾರ ಮಧ್ಯಾಹ್ನ ಮೋಟಾರು ನಿಲ್ಲಿಸಿಬಿಡೋಣ, ಹುಡುಗಿಯರಿಗೇನು ಒಂದು ದಿನ ತಾನೇ ಎಂದರು. ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ನನ್ನ ಗೆರೆ ಚೂಪಾಗುತ್ತಿತ್ತು, ಪಿಎಚ್‌ಡಿ ಉಳಿಯುತ್ತಿತ್ತು. ಬಾಯಿ ತುದಿಯವರೆಗೆ ಬಂದಿದ್ದ ಹೂಂ ಅನ್ನು ನುಂಗಿಕೊಂಡು, ಬೇಡ ಎಂದೆ. ಮೋಟಾರು ಓಡುತ್ತಲೇ ಇರಲಿ, ನಾನೇ ಆ ತಂತಿಯಿಂದ ಈಚೆಗೆ ಬರುತ್ತೇನೆ.

ಈಚೆಗೆ ಬರುವುದೆಂದರೆ ಗೋಡೆಯ ಕರೆಂಟನ್ನೇ ಮುಟ್ಟದೆ ಅಳೆಯುವುದು. ಆ ವಾರವೆಲ್ಲ ನಾನು ಪಾಠ ಮುಗಿಸಿ ಸೀದಾ ಮಳವಳ್ಳಿಗೆ ಹೋಗಿ ಸಾಬರ ಅಂಗಡಿಯ ಮೂಲೆಯಲ್ಲಿ ಕೂತೆ. ಕರೆಂಟು ಕೊಡಲು ಟಾರ್ಚಿನ ಸೆಲ್ಲು, ಅದನ್ನು ಸಣ್ಣಗೆ ಏರಿಸಲು ಹತ್ತು ಸುತ್ತು ತಿರುಗುವ ಒಂದು ತಿರುಪು. ಸಂಧಿಯ ವೋಲ್ಟೇಜನ್ನು ಸಾವಿರ ಪಟ್ಟು ದೊಡ್ಡದು ಮಾಡಲು ಒಂದು ಪುಟ್ಟ ಆಂಪ್ಲಿಫೈಯರ್, ಅದಕ್ಕೆ ಒಂಬತ್ತು ವೋಲ್ಟಿನ ಎರಡು ಬ್ಯಾಟರಿ. ಓದಲು ಕೈಯಲ್ಲಿ ಹಿಡಿಯುವ ಎರಡು ಮಲ್ಟಿಮೀಟರು. ಹೊರಗಿನ ಗಲಾಟೆ ಒಳಗೆ ಬಾರದಂತೆ ಎಲ್ಲವನ್ನೂ ಸ್ಟೀಲಿನ ಊಟದ ಡಬ್ಬಿಯೊಳಗೆ ಕೂರಿಸಿದೆವು. ಮೊದಲ ಸಲ ಆಂಪ್ಲಿಫೈಯರ್ ತಾನೇ ಕಿರುಚಿಕೊಂಡಿತು. ಎರಡನೇ ಸಲ ಒಂದು ಬೆಸುಗೆ ಬಿಟ್ಟಿತು, ನಾನು ಡಬ್ಬಿಯನ್ನು ಮೇಜಿಗೆ ಕುಕ್ಕಿದೆ. ಸಾಬರು ಸುಮ್ಮನೆ ಅದನ್ನು ತೆಗೆದುಕೊಂಡು, ಕೋಪದಾಗೆ ಬೆಸುಗೆ ಆಕ್ಬಾರ್ದು ಎಂದು ತಾವೇ ಹಾಕಿದರು.

ಶನಿವಾರ ಕ್ಯಾನಿನ ತಳದಲ್ಲಿ ಉಳಿದಿದ್ದ ಸಾರಜನಕದಲ್ಲಿ ಪರೀಕ್ಷೆ. ಎಲ್ಲ ಪ್ಲಗ್ಗು ಕಿತ್ತೆ, ಟ್ಯೂಬ್‌ಲೈಟೂ ಆರಿಸಿದೆ. ಆಯಾ ಮೋಟಾರು ಹಾಕಿದಳು. ನಾನು ತಿರುಪನ್ನು ತಿರುಗಿಸುತ್ತ ಪುಸ್ತಕದಲ್ಲಿ ಕೈಯಾರೆ ಬರೆಯುತ್ತ ಹೋದೆ. ನೂರ ಹದಿನೇಳು. ಮೋಟಾರು ಓಡುತ್ತಿರುವಾಗಲೇ ನೂರ ಹದಿನೇಳು! ಮತ್ತೆ ಗೋಡೆಯ ಪ್ಲಗ್ಗಿನ ದೊಡ್ಡ ಯಂತ್ರಕ್ಕೆ ಹಾಕಿದೆ, ನಲವತ್ತಾರು.

ಆ ಪುಸ್ತಕ ಹಿಡಿದು ಮಂಡ್ಯಕ್ಕೆ ಹೋದೆ. ಗೈಡು ನಿಂತೇ ನೋಡಿದರು. ಪುಟ ಮುಚ್ಚಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಲಕ್ಷಗಟ್ಟಲೆಯ ಯಂತ್ರ ಸುಳ್ಳು, ನಿನ್ನ ಊಟದ ಡಬ್ಬಿ ಸತ್ಯ ಅಂತ ಸಮಿತಿ ಮುಂದೆ ಹೇಳ್ತೀಯಾ, ನನ್ನ ಮಾನ ಕಳೀತೀಯಾ ಎಂದೂ ಕೇಳಿದರು. ಚಿಪ್ ತೇವಕ್ಕೆ ಹಾಳಾಗಿದೆ ಎಂದು ಅವರು ಬೆಂಗಳೂರಿಗೆ ಆಗಲೇ ಫೋನಿನಲ್ಲಿ ತಿಳಿಸಿಯೂ ಆಗಿತ್ತು. ನನ್ನ ಸಹಿಯ ಹಾಳೆಯೊಂದೇ ಬಾಕಿ. ಅಲ್ಲಿಯೇ ಕಿರುಚಬೇಕು ಎನ್ನಿಸಿತು. ಅದರ ಬದಲು, ಸಮಿತಿ ನಮ್ಮ ಕಾಲೇಜಿನಲ್ಲೇ ಸೇರಲಿ, ಲ್ಯಾಬಿನಲ್ಲೇ ಕೂತು ನೋಡಲಿ ಎಂದು ಬೆಂಗಳೂರಿನ ವಿಜ್ಞಾನಿಗೆ ನಾನೇ ಪತ್ರ ಬರೆದೆ. ಗೈಡನ್ನು ದಾಟಿ ಹಾಗೆ ಬರೆಯುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಅವರು ಒಂದೇ ಸಾಲಿನಲ್ಲಿ, ಬರುತ್ತೇನೆ ಎಂದು ಉತ್ತರಿಸಿದರು.

ಸಭೆಯ ದಿನಾಂಕ ಬಿದ್ದದ್ದು ಮಧ್ಯಾಹ್ನ ತ್ರೀ ಫೇಸ್ ಇಲ್ಲದ ವಾರದಲ್ಲೇ. ವಿಜ್ಞಾನಿ ಬಿಳಿಗೂದಲಿನ, ಕಡಿಮೆ ಮಾತಿನ ಹೆಂಗಸು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತು, ಪುಸ್ತಕ ಪೆನ್ನು ತಾವೇ ತೆಗೆದುಕೊಂಡರು. ಪ್ರಿನ್ಸಿಪಾಲರೂ ಗೈಡೂ ಗೋಡೆಗೆ ಒರಗಿ ನಿಂತರು. ನಾನು ಒಂದನೇ ಚಿಪ್ಪನ್ನು ಇಳಿಸಿದೆ. ಮೋಟಾರು ಓಡುತ್ತಿರಲು ದೊಡ್ಡ ಯಂತ್ರದಲ್ಲಿ ನಲವತ್ತೈದು. ನಿಲ್ಲಿಸಿ ಎಂದು ಅವರೇ ಕಿಟಕಿಯಿಂದ ಆಯಾಗೆ ಹೇಳಿದರು. ನೂರ ಹತ್ತೊಂಬತ್ತು. ಹಾಕಿ ಎಂದರು. ನಲವತ್ತಾರು. ನಿಲ್ಲಿಸಿ, ಹಾಕಿ, ನಿಲ್ಲಿಸಿ, ಹಾಕಿ. ಆಯಾ ಸಾಕಾಗಿ, ಇದೇನ್ ಆಟ ಕಣಮ್ಮ ಎಂದು ಅಲ್ಲಿಂದಲೇ ಗೊಣಗಿದಳು. ಕೊನೆಗೆ ಪ್ಲಗ್ಗು ಕಿತ್ತು, ಊಟದ ಡಬ್ಬಿಗೆ ತಂತಿ ಹಾಕಿ ತಿರುಪನ್ನು ಅವರ ಕೈಗೇ ಕೊಟ್ಟೆ. ಮೋಟಾರು ಗುಂಯ್ ಎನ್ನುತ್ತಿತ್ತು. ಅವರು ನಿಧಾನಕ್ಕೆ ತಿರುಗಿಸುತ್ತ ಹೋಗಿ, ಮೀಟರು ನೋಡಿ, ನೂರ ಹದಿನೆಂಟು ಎಂದು ಬರೆದುಕೊಂಡರು.

“ಇದು ಚೆನ್ನಾಗಿದೆ,” ಎಂದರು. “ಈ ಚಿಪ್ ನಿಮ್ಮಲ್ಲೇ ಇರಲಿ, ಕೆಲಸ ಮುಂದುವರಿಸಿ. ಇನ್ನೊಂದು ಎಲ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಗೈಡು, ಅದು ತೇವಕ್ಕೆ ಹೋಯಿತು ಮೇಡಂ, ಪಾಪ ಹುಡುಗಿಯ ತಪ್ಪೇನಿಲ್ಲ, ಈ ಸೀಮೆಯ ಹವೆಯೇ ಹಾಗೆ ಎಂದರು. ಎಷ್ಟು ದಯೆ! ನಾನು ತಲೆಯಾಡಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನನ್ನ ಪಿಎಚ್‌ಡಿ ಉಳಿದಿತ್ತು, ಅವರ ಮಾನವೂ ಉಳಿದಿತ್ತು, ಹಾಳೆಯನ್ನು ಇಬ್ಬರೂ ಹರಿದು ಹಾಕಬಹುದಿತ್ತು. ವಿಜ್ಞಾನಿ ಪೆನ್ನು ಹಿಡಿದೇ ಕಾಯುತ್ತಿದ್ದರು.

ನನಗೆ ಯಾರ ಮೇಲೆ ಹೆಚ್ಚು ಸಿಟ್ಟು ಬಂದಿತ್ತು ಎಂದು ಆಗ ಗೊತ್ತಾಯಿತು. ನಲವತ್ತೇಳು ತೋರಿಸಿದ ದಿನ ಆ ಚಿಪ್ ಬದುಕಿತ್ತು. ಇನ್ನೂರು ಡಿಗ್ರಿಗೆ ಏನಾಗುತ್ತದೆ ಎಂದು ಅವತ್ತು ಓವನ್ನಿನ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಓವನ್ನಿನ ಬಾಗಿಲು ಹಾಕಿದ್ದು ಈ ಕೈ. ಊರಿನವರನ್ನೆಲ್ಲ ಬೈದುಕೊಂಡು ತಿರುಗುವ ಬಾಯಿಗೆ ಅವತ್ತು ಬೇಡ ಸಾರ್ ಎಂಬ ಎರಡು ಪದ ಹೊರಡಲಿಲ್ಲ.

ಬ್ಯಾಗಿನಿಂದ ಆ ಮಡಚಿದ ಹಾಳೆ ತೆಗೆದೆ. ಮೂರು ಸಾಲಿಗೂ ಅಡ್ಡ ಗೆರೆ ಎಳೆದು ಕೆಳಗೆ ಬರೆದೆ. ‘ಒಂದನೇ ಚಿಪ್ ಸರಿಯಾಗಿದೆ. ಎರಡನೆಯದು ತೇವದಿಂದ ಸತ್ತಿಲ್ಲ. ನನ್ನ ಗೈಡ್ ಹೇಳಿದ್ದಕ್ಕೆ, ಆಮ್ಲಜನಕ ಹೋಗುತ್ತದೆ ಎಂದು ಗೊತ್ತಿದ್ದೂ, ಇದರ ಸಂಶೋಧಕಿಯಾದ ನಾನೇ ಅದನ್ನು ಓವನ್ನಿನಲ್ಲಿಟ್ಟು ಕೊಂದಿದ್ದೇನೆ.’ ಅಕ್ಷರ ಸೊಟ್ಟಗಾಗಿತ್ತು. ‘ನಾನೇ’ ಎಂಬುದರ ಮೇಲೆ ನನ್ನ ಪೂರ್ತಿ ಹೆಸರನ್ನೂ ಬರೆದೆ.

ಗೈಡು ಗೋಡೆ ಬಿಟ್ಟು ಬಂದು ನನ್ನ ಭುಜದ ಮೇಲಿಂದ ಬಗ್ಗಿ ಓದಿದರು.

“ನನ್ನ ಮಾತು ಯಾಕಮ್ಮ ಇದರಲ್ಲಿ?” ಎಂದರು. ದನಿ ತೀರ ತಗ್ಗಿತ್ತು.

“ನೀವು ಒಂದೇ ಸಲ ಇದ್ದೀರಿ ಸಾರ್,” ಎಂದೆ. “ನನ್ನ ಹೆಸರು ಎರಡು ಸಲ ಬರುತ್ತದೆ.”

ಕೆಳಗೆ, ಅವರೇ ಟೈಪು ಮಾಡಿಸಿದ್ದ ಹೆಸರಿನ ಮೇಲೆ ಸಹಿ ಹಾಕಿ ಹಾಳೆಯನ್ನು ವಿಜ್ಞಾನಿಯ ಕೈಗೆ ಕೊಟ್ಟೆ.